ಬುಟ್ಟಿಯಲ್ಲೊಂದು ಸಫರ್ಜಲ್ ಹಣ್ಣು

ಶೆದ್ಲಿಯಾ ಬುಟ್ಟಿಯನ್ನು ಚಾಪೆಯ ಮೇಲೆ ಬೋರಲು ಹಾಕಿದಾಗ ಎಲ್ಲಕ್ಕಿಂತ ಕೊನೆಗೆ ಉರುಳಿ ಬಂದದ್ದು ಒಂದು ಸಫರ್ಜಲ್ ಹಣ್ಣು. ಸೇಬಿಗಿಂತ ದಪ್ಪ, ನಿಂಬೆಯಷ್ಟು ಹಳದಿ, ಮೈಮೇಲೆ ಎಳೆಗೂಸಿನ ನೆತ್ತಿಯ ಮೇಲಿರುವಂಥ ತುಪ್ಪಳ. ಅದು ಉರುಳುತ್ತ ಹೋಗಿ ಗೋಡೆಗೆ ತಗುಲಿ ನಿಂತಿತು. ಕೋಣೆಯ ತುಂಬ ಅದರ ವಾಸನೆ ಹರಡಿತು.

ಅವಳು ಅದನ್ನೇ ನೋಡುತ್ತ ಕುಳಿತಳು. ಇದು ಎಲ್ಲಿಂದ ಬಂತು?

ಐನ್ ಸಫ್ಸಾಫ್ ಎಂಬ ಆ ಊರಿನಲ್ಲಿ ಅರವತ್ತೆರಡು ಮನೆ. ಮದುವೆಯಿರಲಿ, ಮಗುವಿನ ಸುನ್ನತಿಯಿರಲಿ, ಯಾರಾದರೂ ಹಜ್ ಮುಗಿಸಿ ಬಂದಿರಲಿ, ಬಾಗಿಲಿಂದ ಬಾಗಿಲಿಗೆ ನಡೆದು ಹೆಂಗಸರನ್ನು ಕರೆದು ಬರುವುದು ಶೆದ್ಲಿಯಾಳ ಕೆಲಸ. ನಲವತ್ತಾರು ವರ್ಷದಿಂದ ಅವಳದೇ. ಅದಕ್ಕೆ ಮೊದಲು ಅವಳ ಸೋದರತ್ತೆಯದಾಗಿತ್ತು. ಅತ್ತೆ ಎಣ್ಣೆ ಗಾಣದ ಮೆಟ್ಟಿಲಿಂದ ಜಾರಿ ಸೊಂಟ ಮುರಿದುಕೊಂಡ ವರ್ಷ ಬುಟ್ಟಿ ಇವಳ ಕೈಗೆ ಬಂತು. ಆಗ ಇವಳಿಗೆ ಇಪ್ಪತ್ತೆರಡು. ಊರಿನ ಎಲ್ಲ ಮದುವೆಗೂ ಕರೆದವಳಿಗೆ ತನ್ನ ಮದುವೆಗೆ ಕರೆಯುವ ಸಂದರ್ಭ ಮಾತ್ರ ಬರಲಿಲ್ಲ. ಯಾರಾದರೂ ಆ ಮಾತೆತ್ತಿದರೆ ಅವಳೇ ನಗುತ್ತಿದ್ದಳು. "ಎಲ್ಲರನ್ನೂ ಕರೆದೆ ಕಣೇ, ಗಂಡನ್ನ ಕರೆಯೋದು ಮರ್ತುಬಿಟ್ಟೆ."

ಆದರೆ ಮರೆವು ಅವಳ ಜಾಯಮಾನವಾಗಿರಲಿಲ್ಲ. ಯಾವ ಮನೆಯಲ್ಲಿ ಸಾವಾಗಿ ವರ್ಷ ತುಂಬಿಲ್ಲ, ಅಲ್ಲಿ ಹೊಸ್ತಿಲಾಚೆ ನಿಂತು ಮೆಲುದನಿಯಲ್ಲಿ ಕರೆಯಬೇಕು. ಯಾವ ಅತ್ತೆಯನ್ನು ಸೊಸೆಗಿಂತ ಮೊದಲು ಕರೆಯಬೇಕು. ಯಾರ ಆಕಳು ಕರು ಹಾಕಿದೆ, ಯಾರ ಮಗಳಿಗೆ ದಿನ ತುಂಬಿದೆ, ಯಾರ ಮೊಣಕಾಲಿಗೆ ಯಾವ ಎಣ್ಣೆ ಹಚ್ಚಿದ್ದಾರೆ, ಎಲ್ಲವೂ ಅವಳ ತಲೆಯಲ್ಲಿತ್ತು. ಒಂದು ಮನೆಯ ಸುದ್ದಿ ಇನ್ನೊಂದು ಮನೆಗೆ ಹೋಗುತ್ತಿದ್ದದ್ದು ಅವಳ ನಾಲಿಗೆಯ ಮೇಲೆ. ಈಗೀಗ ಎಲ್ಲರ ಕೈಯಲ್ಲೂ ಫೋನು ಬಂದಿದೆ. ಆದರೂ ಮದುವೆಗೆ ಮಾತ್ರ ಫೋನಿನ ಕರೆ ಈ ಊರಲ್ಲಿ ನಡೆಯುವುದಿಲ್ಲ. "ಫೋನು ಕರೆದ್ರೆ ಫೋನೇ ಹೋಗ್ಲಿ ಮದುವೆಗೆ" ಎಂದು ಹೆಂಗಸರು ಕುಳಿತೇ ಬಿಡುತ್ತಾರೆ.

ಕರೆಯುವುದಕ್ಕೆ ಒಂದು ಪದ್ಧತಿಯಿದೆ. ಶೆದ್ಲಿಯಾ ಬಾಗಿಲಲ್ಲಿ ನಿಂತು ಮನೆಯವರ ಕ್ಷೇಮ ಕೇಳಿ, ಆಮೇಲೆ ಕರೆಯ ಮಾತು ಹೇಳುತ್ತಾಳೆ. ಮನೆಯಾಕೆ ಒಪ್ಪಿದರೆ ಬುಟ್ಟಿಯಲ್ಲಿ ಏನಾದರೂ ಹಾಕಬೇಕು. ಮೊಟ್ಟೆ, ಒಂದು ಹಿಡಿ ಕಡಲೆ, ಒಣಮೆಣಸಿನಕಾಯಿಯ ಸರ, ಏನಾದರೂ ಸರಿ. ಹಾಕಿದಳೆಂದರೆ ಆ ಮನೆ ಬರುತ್ತದೆ. ಗೋರಂಟಿಯ ದಿನ ಮದುವೆ ಮನೆಯ ಬಾಗಿಲಲ್ಲಿ ಶೆದ್ಲಿಯಾಳೇ ನಿಂತು ಒಂದೊಂದು ಮನೆಯನ್ನೂ ಅದರ ಯಜಮಾನನ ಹೆಸರು ಹಿಡಿದು ಸ್ವಾಗತಿಸಬೇಕು. ಅವಳು ಹೆಸರು ಕೂಗಿದ ಮನೆಯವರನ್ನು ಯಾರೂ ಹೊರಗೆ ನಿಲ್ಲಿಸುವ ಹಾಗಿಲ್ಲ. ಕೂಗದಿದ್ದರೆ ಒಳಗೆ ಬರುವ ಹಾಗಿಲ್ಲ.

ಓದು ಬಾರದ ಶೆದ್ಲಿಯಾಳಿಗೆ ಬುಟ್ಟಿಯೇ ಪುಸ್ತಕ. ಕರೆದು ಬಂದ ಸಂಜೆ ಅದನ್ನು ಬೋರಲು ಹಾಕಿ ಓದುತ್ತಾಳೆ. ಈ ಕಂದು ಮೊಟ್ಟೆ ಬಹೀಜಾಳ ಕೋಳಿಯದು. ಈ ಅಂಜೂರದ ಸರ ಬಾವಿಯ ಮೇಲಿನ ಮನೆಯದು. ಈ ಕಾಡು ತುಳಸಿಯಂಥ ಸೊಪ್ಪಿನ ಕಂತೆ ಕುರಿ ಕಾಯುವ ಸಹಬಿಯ ಹೆಂಡತಿಯದು. ಹೀಗೆ ಇಂದೂ ಒಂದೊಂದನ್ನೇ ಎತ್ತಿ ಪಕ್ಕಕ್ಕಿಟ್ಟಳು. ಎಲ್ಲ ಸರಿಹೋಯಿತು. ಉಳಿದದ್ದು ಗೋಡೆಗೆ ತಗುಲಿ ನಿಂತ ಆ ಹಣ್ಣು.

ಊರಲ್ಲಿ ಸಫರ್ಜಲ್ ಮರ ಇರುವುದು ಒಂದೇ ಅಂಗಳದಲ್ಲಿ, ಹಸಿರು ಬಾಗಿಲಿನ ದೂಜಾಳ ಮನೆಯಲ್ಲಿ. ಇಂದು ಇಡೀ ಊರಿನಲ್ಲಿ ಶೆದ್ಲಿಯಾ ಕಾಲಿಡಬಾರದಾಗಿದ್ದದ್ದು ಕೂಡ ಅದೊಂದೇ ಮನೆಗೆ.

ಮದುವೆ ವಸೀಲಾಳ ಮಗಳು ಅರ್ವಾಳದು. ಆರು ವರ್ಷದ ಹಿಂದೆ ಇದೇ ಅರ್ವಾಳನ್ನು ದೂಜಾಳ ಮಗ ನೌಫಲ್‌ಗೆ ಕೊಡುವುದೆಂದು ಮಾತಾಗಿತ್ತು. ಗೋರಂಟಿಗೆ ದಿನ ಕೂಡ ಇಟ್ಟಿದ್ದರು. ಆಗಲೂ ಕರೆದು ಬಂದವಳು ಶೆದ್ಲಿಯಾಳೇ. ದುಡಿಯಲು ಸ್ಫಾಕ್ಸ್ ಪಟ್ಟಣಕ್ಕೆ ಹೋಗಿದ್ದ ನೌಫಲ್ ಅಲ್ಲೇ ಯಾರನ್ನೋ ಮದುವೆಯಾದನೆಂಬ ಸುದ್ದಿ ಗೋರಂಟಿಗೆ ಮೂರು ದಿನ ಮುಂಚೆ ಬಂತು. ಕರೆದ ಅಷ್ಟೂ ಮನೆಗಳಿಗೆ ಶೆದ್ಲಿಯಾ ಮತ್ತೆ ನಡೆದು 'ಬರಬೇಡಿ' ಎಂದು ಹೇಳಿ ಬಂದಳು. ಅಂಥ ನಡಿಗೆ ಅವಳ ಬಾಳಿನಲ್ಲಿ ಅದೊಂದೇ. ಅಂದಿನಿಂದ ವಸೀಲಾ ಹಸಿರು ಬಾಗಿಲಿನ ಕಡೆ ಮುಖ ಹಾಕಿಲ್ಲ. ನಾಲ್ಕು ವರ್ಷದ ಹಿಂದೆ ದೂಜಾಳ ಗಂಡ ಹಮ್ಮಾದಿ ತೀರಿಕೊಂಡಾಗಲೂ ಹೋಗಲಿಲ್ಲ.

"ಎಲ್ಲಾ ಮನೆ ಕರಿ, ಖಾಲ್ತಿ," ಎಂದಿದ್ದಳು ವಸೀಲಾ. ಊರಿನ ಕಿರಿಯರೆಲ್ಲ ಶೆದ್ಲಿಯಾಳನ್ನು ಚಿಕ್ಕಮ್ಮನೆಂದು ಹಾಗೇ ಕರೆಯುವುದು. "ಆ ಹಸಿರು ಬಾಗಿಲಿನ ಮುಂದೆ ಮಾತ್ರ ಕಣ್ಣು ಮುಚ್ಕೊಂಡು ಹೋಗು. ನಿನ್ನ ಬಾಯಿಂದ ನನ್ನ ಹೆಸರು ಆ ಮನೆಯೊಳಗೆ ಬೀಳಬಾರದು."

"ನಂಗೆ ಹೇಳ್ಬೇಕಾ ಅದನ್ನ?" ಎಂದಿದ್ದಳು ಶೆದ್ಲಿಯಾ.

ಈಗ ಹಣ್ಣನ್ನು ಕೈಗೆತ್ತಿಕೊಂಡು ಬೆಳಗಿನಿಂದ ನಡೆದ ದಾರಿಯನ್ನು ಮನಸ್ಸಿನಲ್ಲೇ ಮತ್ತೆ ನಡೆದಳು. ಮಸೀದಿಯ ಹಿಂದಿನ ಮೂರು ಮನೆ. ಚಿಲುಮೆ. ಬಹೀಜಾ, ಅವಳ ಕಾಫಿ. ತಿಜಾನಿಯ ಅಂಗಡಿ. ಅಂಗಡಿಯಿಂದ ದಾರಿ ಒಡೆಯುತ್ತದೆ. ಮೇಲಿನ ಓಣಿಯಲ್ಲಿ ಹಸಿರು ಬಾಗಿಲು, ಕೆಳಗಿನ ಓಣಿಯಲ್ಲಿ ಗಾಣ. ಅಲ್ಲಿಗೆ ಬಂದ ಕೂಡಲೆ ಎಲ್ಲವೂ ಮಂಜಾಗುತ್ತಿತ್ತು. ಮಂಜಿನಾಚೆ ಮತ್ತೆ ಗಾಣದ ಬಳಿಯ ಮನೆ, ಅಲ್ಲಿಯ ನಾಯಿ, ಎಲ್ಲ ಸ್ಪಷ್ಟ. ನಡುವೆ ಏನು? ಹಸಿರು ಬಾಗಿಲು ನೆನಪಿಗೆ ಬರುತ್ತಿತ್ತು, ಬಾರದೆ ಏನು. ಆದರೆ ನಲವತ್ತಾರು ವರ್ಷದ ಹಸಿರು ಬಾಗಿಲುಗಳು ಒಟ್ಟಿಗೇ ಬರುತ್ತಿದ್ದವು. ತೆರೆದದ್ದು, ಮುಚ್ಚಿದ್ದು, ಹೊಸ ಬಣ್ಣ ಬಳಿದದ್ದು, ಹೆಣ ಹೊರಡಲೆಂದು ಎರಡೂ ಕದ ಸರಿಸಿದ್ದು. ಅವುಗಳಲ್ಲಿ ಇಂದಿನದು ಯಾವುದು?

ದೂಜಾಳನ್ನೇ ಕೇಳಿಬಿಟ್ಟರೆ ಮುಗಿಯುತ್ತಿತ್ತು. ಆದರೆ ಏನೆಂದು ಕೇಳುವುದು? 'ನಾನು ನಿನ್ನನ್ನು ಕರೆದೆನೇ' ಎಂದು ಕೇಳಿದರೆ, ಕರೆದಿದ್ದರೆ ಆ ಕರೆ ತಪ್ಪೆಂದು ಅವಳ ಮುಖದ ಮೇಲೆ ಹೇಳಿದ ಹಾಗೆ. ಕರೆಯದಿದ್ದರೆ, ನಿನ್ನೊಬ್ಬಳನ್ನು ಬಿಟ್ಟಿದ್ದೇವೆಂದು ಹೋಗಿ ಚುಚ್ಚಿ ಬಂದ ಹಾಗೆ.

ಮರುದಿನ ಬೆಳಿಗ್ಗೆ ಅವಳು ತಿಜಾನಿಯ ಅಂಗಡಿಗೆ ಹೋದಳು. ತಿಜಾನಿ ಅವಳ ವಯಸ್ಸಿನವನೇ; ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ದಾರಿ ಕಾಯುವುದು ಅವನ ಅರ್ಧ ವ್ಯಾಪಾರ.

"ತಿಜಾನಿ, ನಿನ್ನೆ ನಾನು ಈ ದಾರೀಲಿ ಹೋದ್ನಾ?"

"ಹೋದೆ."

"ಯಾವ ಕಡೆಗೆ?"

"ಕಾಲು ನಿಂದು, ಕೇಳೋದು ನನ್ನನ್ನ." ಅವನು ಟೋಪಿ ಹಿಂದಕ್ಕೆ ತಳ್ಳಿದ. "ಮೇಲಿನ ಓಣಿ ಹತ್ತಿದೆ. ಅಲ್ಲ, ತಡಿ. ಮೇಲೆ ಹತ್ತಿದ್ದು ಸಹಬಿಯ ಮೇಕೆ. ನೀನು ಕೆಳಗೆ ಇಳಿದೆ. ಅಥವಾ ಮೇಕೆ ಕೆಳಗೆ ಹೋಯ್ತೋ?"

"ಮೇಕೆಗೂ ನಂಗೂ ವ್ಯತ್ಯಾಸ ಗೊತ್ತಾಗ್ಲಿಲ್ವಾ ನಿಂಗೆ?"

"ಬಿಸಿಲಿತ್ತು ಕಣೇ. ಇಬ್ಬರೂ ಬೆಳ್ಳಗಿದ್ರಿ."

"ಸರಿ ಬಿಡು. ಸಫರ್ಜಲ್ ಹಣ್ಣು ಯಾರಿಗಾದ್ರೂ ಮಾರಿದ್ಯಾ?"

"ಶನಿವಾರ ಸಂತೆಯಿಂದ ಒಂದು ಪೆಟ್ಟಿಗೆ ತಂದಿದ್ದೆ. ಒಂದೂ ಉಳಿದಿಲ್ಲ."

ಶೆದ್ಲಿಯಾಳಿಗೆ ಹೋದ ಜೀವ ಬಂದ ಹಾಗಾಯಿತು. ಹಾಗಾದರೆ ಹಣ್ಣು ಯಾವ ಮನೆಯದಾದರೂ ಆಗಿರಬಹುದು. ಪೆಟ್ಟಿಗೆ ಕೊಂಡವರನ್ನು ಹುಡುಕಿದರಾಯಿತು. ಅವಳು ಒಂದೊಂದೇ ಮನೆಗೆ ಹೋಗಿ, ಏನೂ ಇಲ್ಲದವಳ ಹಾಗೆ ಕುಳಿತು, ಬೇರೆ ಮಾತಾಡಿ, ಏಳುವಾಗ ಕೇಳತೊಡಗಿದಳು. "ಈ ಸಲ ಸಫರ್ಜಲ್ ಅಡುಗೆ ಮಾಡಿದ್ರಾ? ಮನೇಲಿ ಹಣ್ಣಿದೆಯಾ?"

ಚಿಲುಮೆಯ ಪಕ್ಕದ ಬಹೀಜಾ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. ಅವಳು ಬಾಯಿ ಜೋರಿನ ಹೆಂಗಸು. ಅವಳ ನಗು ಮೂರು ಮನೆಯಾಚೆ ಕೇಳುತ್ತದೆ. "ಏನ್ ಖಾಲ್ತಿ, ಅರವತ್ತೆಂಟಕ್ಕೆ ಬಯಕೆನಾ? ಯಾವನವನು?"

"ಬಾಯಿ ಮುಚ್ಚೇ. ಸುಮ್ನೆ ಕೇಳ್ದೆ."

"ಸುಮ್ನೆ ಯಾರು ಕೇಳ್ತಾರೆ? ಅದೂ ಬೆಳಿಗ್ಗೆಯಿಂದ ಐದು ಮನೇಲಿ ಕೇಳಿದ್ದೀಯಂತೆ."

ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು, ಶೆದ್ಲಿಯಾಳಿಗೆ ಸಫರ್ಜಲ್ ತಿನ್ನುವ ಆಸೆಯಾಗಿದೆಯೆಂದು. ಸಂಜೆಯೊಳಗೆ ಅವಳ ಮನೆಗೆ ಏಳು ಹಣ್ಣು, ಒಂದು ಜಾಡಿ ಮುರಬ್ಬ, ಕುರಿಮಾಂಸದ ಜೊತೆ ಸಫರ್ಜಲ್ ಬೇಯಿಸಿದ ಒಂದು ಮಡಕೆ ಬಂದವು. ತಂದವರೆಲ್ಲ ಹಣ್ಣನ್ನು, ಅವಳು ಮೊದಲಿನದನ್ನು ಇಟ್ಟಿದ್ದ ಗೋಡೆಯ ಗೂಡಿನಲ್ಲೇ, ತಾವೇ ಇಟ್ಟು ಹೋದರು. ಶೆದ್ಲಿಯಾ ಮಡಕೆಯನ್ನು ಇಳಿಸಿಕೊಂಡು ತಿರುಗಿದಾಗ ಗೂಡಿನಲ್ಲಿ ಎಂಟು ಹಣ್ಣುಗಳು ಸಾಲಾಗಿ ಕುಳಿತಿದ್ದವು. ಮೊದಲಿನದು ಯಾವುದು? ಒಂದೊಂದನ್ನೇ ಮೂಸಿದಳು. ಎಲ್ಲವೂ ಒಂದೇ ವಾಸನೆ. ಅಲ್ಲೇ ಗೋಡೆಗೆ ಒರಗಿ ನಗಬೇಕೋ ಅಳಬೇಕೋ ತಿಳಿಯದೆ ಕುಳಿತಳು. ಆಮೇಲೆ ಹಸಿವಾಗಿ ಮಡಕೆಯ ಮುಚ್ಚಳ ತೆಗೆದಳು. ಮಾಂಸ ಚೆನ್ನಾಗಿ ಬೆಂದಿತ್ತು.

ಬಹೀಜಾ ಮಾತ್ರ ಅಷ್ಟಕ್ಕೇ ಬಿಡುವವಳಲ್ಲ. ಮಂಗಳವಾರ ಬೆಳಿಗ್ಗೆ ಚಿಲುಮೆಯ ಬಳಿ ಕೊಡ ಇಟ್ಟು, ಎರಡು ಮಾತನ್ನು ಒಂದಕ್ಕೊಂದು ಜೋಡಿಸಿದಳು. "ಖಾಲ್ತಿ ಯಾಕೆ ಸಫರ್ಜಲ್ ಸಫರ್ಜಲ್ ಅಂತಾಳೆ? ಬುಟ್ಟೀಲಿ ಸಫರ್ಜಲ್ ಹಾಕೋ ಮನೆ ಊರಲ್ಲಿ ಯಾವುದು? ಅಂದ್ರೆ ದೂಜಾಗೆ ಕರೆ ಹೋಗಿದೆ ಕಣ್ರೇ!"

ಸುದ್ದಿ ಚಿಲುಮೆಯಿಂದ ಹೊರಟದ್ದು ಹೀಗೆ. ರೊಟ್ಟಿಯ ಒಲೆಯ ಬಳಿಗೆ ಬರುವಷ್ಟರಲ್ಲಿ ವಸೀಲಾ ತಾನೇ ಹೋಗಿ ದೂಜಾಳ ಕೈ ಹಿಡಿದು ಅತ್ತಳೆಂದಾಗಿತ್ತು. ತಿಜಾನಿಯ ಅಂಗಡಿಗೆ ತಲುಪುವಾಗ ನೌಫಲ್ ಸ್ಫಾಕ್ಸಿನ ಹೆಂಡತಿಯನ್ನು ಬಿಟ್ಟು ಬಸ್ಸು ಹತ್ತಿದ್ದ. ಗಾಣದ ಬಳಿಯಂತೂ ಮದುಮಗನೇ ಬದಲಾಗಿದ್ದ. ಅಲ್ಲಿಯ ಮುದುಕಿಯೊಬ್ಬಳು ಶೆದ್ಲಿಯಾಳನ್ನು ಓಣಿಯಲ್ಲಿ ತಡೆದು, "ನಿಜ ಹೇಳು, ಶುಕ್ರವಾರ ಅರ್ವಾ ಯಾವ ಮನೆಗೆ ಹೋಗ್ತಾಳೆ?" ಎಂದು ಕೇಳಿದಳು.

ಶೆದ್ಲಿಯಾ ಮುದುಕಿಯನ್ನು ದಾಟಿಕೊಂಡು ಮುಂದೆ ನಡೆದಳು. ಊರಿನ ಸುದ್ದಿಗಳನ್ನೆಲ್ಲ ಹೊತ್ತು ಹಂಚಿದವಳು ಅವಳು. ಒಂದು ಸುದ್ದಿ ಮನೆಯಿಂದ ಮನೆಗೆ ಹೋಗುತ್ತ ಹೇಗೆ ಬೆಳೆಯುತ್ತದೆಂದು ಬಲ್ಲಳು. ಬೆಳೆಯದ ಹಾಗೆ ಹಿಡಿದಿಡುವುದನ್ನೂ ಬಲ್ಲಳು. ಈ ಸುದ್ದಿ ಮಾತ್ರ ತನ್ನದೇ ಸೆರಗಿನಿಂದ ಜಾರಿ ಬಿದ್ದು, ಬೆನ್ನ ಹಿಂದೆಯೇ ದೊಡ್ಡದಾಗಿ ಈಗ ಎದುರಿಗೆ ಬಂದು ನಿಂತಿತ್ತು.

ಅಂದು ಮಧ್ಯಾಹ್ನವೇ ವಸೀಲಾ ಬಂದಳು. ಮದುವೆಯ ಕೆಲಸದ ನಡುವೆ ಎದ್ದು ಬಂದಿದ್ದರಿಂದ ಮೊಣಕೈವರೆಗೆ ರವೆ ಅಂಟಿತ್ತು. ಬಾಗಿಲಲ್ಲೇ ನಿಂತು ಗೂಡಿನ ಕಡೆ ನೋಡಿದಳು.

"ಇದೇನು, ಸಂತೆನಾ?"

"ಊರವರು ಕೊಟ್ರು."

"ಆ ಮನೆ ಹಣ್ಣು ಇದರಲ್ಲಿ ಇದೆಯಾ?"

"ಇರಬಹುದು."

"ಇರಬಹುದು ಅಂದ್ರೇನು? ಖಾಲ್ತಿ, ನನ್ನ ಮುಖ ನೋಡಿ ಹೇಳು. ಅವಳನ್ನ ಕರೆದ್ಯಾ, ಇಲ್ವಾ?"

ನಲವತ್ತಾರು ವರ್ಷದಲ್ಲಿ ಯಾರೂ ಶೆದ್ಲಿಯಾಳನ್ನು ಹಾಗೆ ಕೇಳಿರಲಿಲ್ಲ. ಕೇಳಿದ್ದರೂ ಉತ್ತರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಈಗ ಬಾಯಿ ತೆರೆದಳು, ಒಳಗೆ ಹುಡುಕಿದಳು, ಸಿಕ್ಕಿದ್ದು ಮಂಜು.

"ಗೊತ್ತಿಲ್ಲ ಮಗಳೇ."

"ಗೊತ್ತಿಲ್ವಾ?"

"ಅಲ್ಲಾನಾಣೆ ಗೊತ್ತಿಲ್ಲ. ಅಂಗಡಿವರೆಗೆ ನೆನಪಿದೆ. ಗಾಣದಿಂದ ಆಚೆಗೆ ನೆನಪಿದೆ. ನಡುವೆ ಏನೂ ಇಲ್ಲ."

ವಸೀಲಾ ಅವಳನ್ನೇ ನೋಡುತ್ತ ನಿಂತಳು. ಆ ನೋಟದಲ್ಲಿ ಕನಿಕರವಿದ್ದರೂ ಇರಬಹುದಿತ್ತು. ಆದರೆ ಮೂರು ದಿನದಲ್ಲಿ ಮದುವೆ, ಊರ ಬಾಯಿ ತುಂಬ ಮಗಳ ಹೆಸರು. ಕನಿಕರಕ್ಕೆ ಜಾಗವಿರಲಿಲ್ಲ.

"ನೋಡು ಖಾಲ್ತಿ. ಆ ವರ್ಷ ಇಡೀ ಊರು ನನ್ನ ಮಗಳನ್ನ ನೋಡಿ ತಲೆ ತಗ್ಗಿಸ್ತು. ಈಗ ತಲೆಯೆತ್ತಿ ಹೊರಡ್ತಿದ್ದಾಳೆ. ಆ ಮುಖ ನನ್ನ ಅಂಗಳದಲ್ಲಿ ಬೇಡ. ಗುರುವಾರ ಅವಳು ಬಂದ್ರೆ, ಬಾಗಿಲಲ್ಲಿ ನಿಂತು ಎಲ್ಲರ ಮುಂದೆ ಹೇಳ್ಬೇಕು, ನಾನು ಈ ಮನೆಯನ್ನ ಕರೆದಿಲ್ಲ ಅಂತ. ಹೇಳ್ತೀಯಾ?"

"ಹೇಳ್ತೀನಿ."

"ಹೇಳದೆ ಹೋದ್ರೆ ಈ ಬುಟ್ಟಿ ನಿನ್ನ ಕೈಲಿ ಇರೋದು ಇದೇ ಕೊನೆ. ಎರಡು ಓಣಿ ನಡುವೆ ಕಳೆದುಹೋಗೋಳನ್ನ ಇನ್ಯಾರು ಕಳಿಸ್ತಾರೆ?"

ಅವಳು ಹೋದ ಮೇಲೆ ಶೆದ್ಲಿಯಾ ಬುಟ್ಟಿಯನ್ನು ಎತ್ತಿ ಮೊಳೆಗೆ ನೇತುಹಾಕಿದಳು. ಅತ್ತೆಯ ಕಾಲದ ಬುಟ್ಟಿ. ಹಿಡಿಗೆ ಮೂರು ಸಲ ಹೊಸ ಹುಲ್ಲು ಸುತ್ತಿದ್ದಾಗಿದೆ.

ಗುರುವಾರ ಹೊತ್ತು ಏರುವ ಮೊದಲೇ ವಸೀಲಾಳ ಅಂಗಳದಲ್ಲಿ ದರಬುಕಾ ಡೋಲಿನ ಬಡಿತ ಶುರುವಾಯಿತು. ಶೆದ್ಲಿಯಾ ಕಣ್ಣಿಗೆ ಕಾಡಿಗೆ ಹಚ್ಚಿ, ಒಳ್ಳೆಯ ಶಾಲು ಹೊದ್ದು ಬಾಗಿಲಲ್ಲಿ ನಿಂತಳು. "ಸಹಬಿಯ ಮನೆಯವರು ಬಂದ್ರು! ತಿಜಾನಿಯ ಮನೆಯವರು ಬಂದ್ರು!" ಎಂದು ಒಂದೊಂದೇ ಹೆಸರು ಕೂಗುತ್ತಿದ್ದಳು. ಒಂದೂ ತಪ್ಪಲಿಲ್ಲ. ಪ್ರತಿ ಹೆಸರಿಗೂ ಒಳಗಿನಿಂದ ಹೆಂಗಸರು ನಾಲಿಗೆ ಆಡಿಸಿ ಹಾಕುವ ಹರ್ಷದ ಕೂಗು, ಉಲುಲು, ಏಳುತ್ತಿತ್ತು. ಬಂದವರ ಅಂಗೈಗೆ ವಸೀಲಾ ಬೆಳ್ಳಿಯ ದಾನಿಯಿಂದ ಕಿತ್ತಳೆ ಹೂವಿನ ನೀರು ಚಿಮುಕಿಸುತ್ತಿದ್ದಳು. ಬರುವವರೆಲ್ಲ ಓಣಿಯ ಕಡೆ ಒಮ್ಮೆ ತಿರುಗಿ ನೋಡಿ ಒಳಗೆ ಹೋಗುತ್ತಿದ್ದರು. ಎಲ್ಲರೂ ಕಾಯುತ್ತಿದ್ದದ್ದು ಒಂದನ್ನೇ.

ಮಧ್ಯಾಹ್ನದ ನಮಾಜಿನ ಕರೆ ಮುಗಿದ ಮೇಲೆ ದೂಜಾ ಬಂದಳು. ಒಬ್ಬಳೇ. ಮದುವೆಗೆ ಉಡುವ, ಸೀರೆಯಂಥ ಕೆಂಪು ಮೆಲಿಯಾ ಉಟ್ಟು, ಭುಜದ ಮೇಲೆ ಬೆಳ್ಳಿಯ ಪಿನ್ನು ಚುಚ್ಚಿ, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ ಹಿಡಿದಿದ್ದಳು. ಬಟ್ಟೆಯಡಿಯಿಂದ ಸಫರ್ಜಲ್ ವಾಸನೆ ಅವಳಿಗಿಂತ ಮೊದಲೇ ಬಂದು ತಲುಪಿತು. ಹೊಸ್ತಿಲಿಂದ ಮೂರು ಹೆಜ್ಜೆ ಹೊರಗೇ ಅವಳು ನಿಂತುಬಿಟ್ಟಳು. ಶೆದ್ಲಿಯಾಳ ಮುಖ ನೋಡಿದಳು, ಅಷ್ಟೇ.

ದರಬುಕಾ ನಿಂತಿತು.

"ಯಾರು ಕರೆದದ್ದು ಈ ಮನೆಯನ್ನ?" ಬಹೀಜಾಳ ದನಿ ಒಳಗಿನಿಂದ ಬಂತು. "ಖಾಲ್ತಿ, ಹೇಳ್ಬಾರ್ದಾ? ನಾವೂ ಕೇಳ್ತೀವಿ."

ಶೆದ್ಲಿಯಾ ತಿರುಗಿ ನೋಡಿದಳು. ವಸೀಲಾ ನೀರಿನ ದಾನಿ ಹಿಡಿದು ಕಂಬದ ಹಾಗೆ ನಿಂತಿದ್ದಳು. ಹೇಳಬೇಕಾದ ಮಾತು ಚಿಕ್ಕದು. ನಾನು ಈ ಮನೆಯನ್ನು ಕರೆದಿಲ್ಲ. ಹೇಳಿದರೆ ಬುಟ್ಟಿ ಉಳಿಯುತ್ತದೆ. ಹೇಳಿದರೆ ದೂಜಾ ಕರೆಯದೆ ಬಂದವಳಾಗಿ, ಈ ಕೆಂಪು ಮೆಲಿಯಾದಲ್ಲಿ, ಇಡೀ ಊರಿನ ಕಣ್ಣೆದುರು ಓಣಿಯುದ್ದಕ್ಕೂ ತಿರುಗಿ ನಡೆಯಬೇಕು. ಆಮೇಲೆ ಅವಳು ಸಾಯುವವರೆಗೂ ಯಾವ ಮನೆಯ ಹೊಸ್ತಿಲನ್ನೂ ತುಳಿಯಲಾರಳು. ಶೆದ್ಲಿಯಾ ಕೊನೆಯ ಸಲ ಮಂಜಿನೊಳಗೆ ಕೈಯಾಡಿಸಿದಳು. ನಾನು ಕರೆದೆನೇ? ಇಲ್ಲವೇ? ಏನೂ ಸಿಗಲಿಲ್ಲ. ಕರೆಯಲಿಲ್ಲ ಎಂದರೂ ಸುಳ್ಳಾಗಬಹುದು, ಕರೆದೆ ಎಂದರೂ ಸುಳ್ಳಾಗಬಹುದು. ಎದುರಿಗೆ ನಿಂತವಳು ಮಾತ್ರ ತಟ್ಟೆ ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದಳು.

"ಹಮ್ಮಾದಿಯ ಮನೆಯವರು ಬಂದ್ರು!" ಎಂದು ಕೂಗಿದಳು. ದನಿ ಒಡೆಯಿತು. ಮತ್ತೆ ಕೂಗಿದಳು. "ಹಮ್ಮಾದಿಯ ಮನೆಯವರು ಬಂದ್ರು, ದಾರಿ ಬಿಡ್ರೇ! ನಾನೇ ಕರೆದದ್ದು."

ಒಳಗಿನಿಂದ ಉಲುಲು ಏಳಲಿಲ್ಲ. ದೂಜಾ ಮೂರು ಹೆಜ್ಜೆ ನಡೆದು ಹೊಸ್ತಿಲು ದಾಟಿದಳು. ವಸೀಲಾ ಅವಳ ಕಡೆ ನೋಡದೆ, ಗೋಡೆಯ ಮೇಲಿದ್ದ ಯಾವುದೋ ಮೊಳೆಯನ್ನು ನೋಡುತ್ತ, ಪದ್ಧತಿಯಂತೆ ಅವಳ ಅಂಗೈಗೆ ನೀರು ಚಿಮುಕಿಸಿದಳು. ಅರ್ಧ ನೀರು ನೆಲಕ್ಕೆ ಬಿತ್ತು. ದೂಜಾ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಳದ ನಡುವೆ ನಿಂತಳು. ಯಾರೂ ಸರಿದು ಜಾಗ ಕೊಡಲಿಲ್ಲ.

ಆಗ ಅರ್ವಾಳ ದನಿ ಕೇಳಿಸಿತು. ಅವಳು ಮೂಲೆಯಲ್ಲಿ ದಿಂಬಿನ ಮೇಲೆ, ಎರಡೂ ಕೈಗೆ ಗೋರಂಟಿ ಮೆತ್ತಿಸಿಕೊಂಡು ಬಟ್ಟೆ ಸುತ್ತಿ ಕುಳಿತಿದ್ದಳು.

"ದೂಜಾ ಖಾಲ್ತಿ, ಇಲ್ಲಿ ಬಾ ಬೇಗ. ಆಗ್ಲಿಂದ ಮೂಗು ತುರಿಸ್ತಿದೆ, ಕೈ ಎರಡೂ ಕಟ್ಟಿಹಾಕಿದ್ದಾರೆ. ಇವರೆಲ್ಲ ಬಾಗಿಲು ನೋಡ್ತಾ ಕೂತಿದ್ದಾರೆ, ನನ್ನ ಯಾರೂ ನೋಡ್ತಿಲ್ಲ."

ದೂಜಾ ತಟ್ಟೆಯನ್ನು ಕೆಳಗಿಟ್ಟು ಹೋಗಿ ಅವಳ ಮೂಗಿನ ತುದಿಯನ್ನು ಕಿರುಬೆರಳಿಂದ ತುರಿಸಿದಳು.

"ಇಲ್ಲಾ, ಇನ್ನೂ ಎಡಕ್ಕೆ. ಹಾಂ, ಅಲ್ಲೇ."

ಯಾರೋ ಕಿಸಕ್ಕೆಂದರು. ಬಹೀಜಾ ನಗು ತಡೆಯಲಾರದೆ ದರಬುಕಾ ಕಿತ್ತುಕೊಂಡು ಬಡಿಯತೊಡಗಿದಳು. ಶೆದ್ಲಿಯಾ ಬಾಗಿಲ ಕಡೆಗೆ ತಿರುಗಿದಳು. ಇನ್ನೂ ನಾಲ್ಕು ಮನೆಯವರು ಬರಬೇಕಿತ್ತು.

ಅಂದು ಹೊರಡುವಾಗ ವಸೀಲಾ ಅವಳಿಗೆ ಊಟದ ಪಾಲು ಕೊಟ್ಟಳು, ಮಾತು ಮಾತ್ರ ಆಡಲಿಲ್ಲ. ಆ ಚಳಿಗಾಲ ಊರಲ್ಲಿ ಎರಡು ಸುನ್ನತಿಗಳಾದವು. ಎರಡಕ್ಕೂ ಕರೆದು ಬಂದದ್ದು ಬೇರೆ ಹೆಣ್ಣು, ಕೈಯಲ್ಲಿ ಚೀಟಿ ಹಿಡಿದು ಹೆಸರು ಓದುತ್ತ ಹೋದಳಂತೆ. ಶೆದ್ಲಿಯಾ ಮನೆಯಲ್ಲೇ ಕುಳಿತು ಆಲಿವ್ ಆರಿಸಿದಳು. ಮೊಳೆಯ ಮೇಲೆ ಬುಟ್ಟಿಗೆ ಜೇಡ ಬಲೆ ಕಟ್ಟಿತು.

ಆಲಿವ್ ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ದೂಜಾ ಬಂದಳು. ಬಂದವಳೇ ಒಲೆಯ ಪಕ್ಕ ಕಾಲು ಚಾಚಿ ಕುಳಿತು, ಕಾಫಿ ಕೊಡೆಂದಳು. ಎರಡು ಗುಟುಕಾದ ಮೇಲೆ ಶೆದ್ಲಿಯಾ ಮೂರು ತಿಂಗಳಿಂದ ಗಂಟಲಲ್ಲಿದ್ದದ್ದನ್ನು ಕೇಳಿದಳು.

"ದೂಜಾ, ಅವತ್ತು ನಾನು ನಿನ್ನ ಮನೆಗೆ ಬಂದಿದ್ನಾ?"

"ಬಂದಿದ್ದೆ."

"ಕರೆದ್ನಾ?"

"ಪೂರ್ತಿ ಕರೆದೆ. ವಸೀಲಾ ಮನೆಯವರು ಸಲಾಮು ಹೇಳ್ತಾರೆ, ಗುರುವಾರ ಗೋರಂಟಿ, ಶುಕ್ರವಾರ ಮದುಮಗಳು ಹೊರಡೋದು, ಒಂದಕ್ಷರ ಬಿಡದೆ."

ಶೆದ್ಲಿಯಾ ಲೋಟ ಕೆಳಗಿಟ್ಟಳು. "ಹಾಗಾದ್ರೆ ನಿಂಗೆ ಅನ್ನಿಸ್ತು, ವಸೀಲಾನೇ ಕಳಿಸಿದ್ದಾಳೆ ಅಂತ."

"ಇಲ್ಲ. ತಪ್ಪಾಗಿ ಬಂದಿದ್ದೀಯ ಅಂತ ಆವಾಗ್ಲೇ ಗೊತ್ತಾಯ್ತು."

"ಹೇಗೆ?"

ದೂಜಾ ಬೆಂಕಿಯನ್ನು ಕಡ್ಡಿಯಿಂದ ಕೆದಕಿದಳು. "ಕರೆಯೋದಕ್ಕೆ ಮೊದ್ಲು ಕ್ಷೇಮ ಕೇಳ್ತೀಯಲ್ಲ, ಹಾಗೇ ಕೇಳಿದೆ. ಹಮ್ಮಾದಿ ಎಲ್ಲಿ, ಹೊಲಕ್ಕೆ ಹೋದ್ನಾ, ಅವನ ಬೆನ್ನು ನೋವು ಹೇಗಿದೆ ಅಂದೆ."

ಹಮ್ಮಾದಿಯ ಸಾವಿನ ಸುದ್ದಿಯನ್ನು ಅರವತ್ತು ಮನೆಗೆ ಮುಟ್ಟಿಸಿದವಳು ಶೆದ್ಲಿಯಾಳೇ.

"ನಾನು ಹಾಗಂದ್ನಾ?"

"ಅಂದೆ. ನಾಲ್ಕು ವರ್ಷದಿಂದ ಯಾರೂ ಅವನನ್ನ ಹಾಗೆ ಕೇಳಿಲ್ಲ ಕಣೇ. ಎಲ್ಲರೂ ಅವನ ಹೆಸರು ಬಂದ್ರೆ ದನಿ ತಗ್ಗಿಸ್ತಾರೆ. ನೀನು ಅವನ ಬೆನ್ನು ನೋವು ಕೇಳಿದೆ. ನಂಗೂ ಬಾಯಿಗೆ ಬಂದುಬಿಡ್ತು, ಪರವಾಗಿಲ್ಲ, ಹೊಲಕ್ಕೆ ಹೋಗಿದ್ದಾನೆ ಅಂದೆ. ಅಂದ ಮೇಲೆ ಇನ್ನೇನು ಮಾಡ್ಲಿ? ಹಣ್ಣು ಹಾಕಿದೆ. ಹಾಕಿದ ಮೇಲೆ ಬರಲೇಬೇಕಲ್ಲ. ಹೊಸ್ತಿಲ ಹತ್ರ ನಿಂತೆ. ನೀನು ಇಲ್ಲ ಅಂದಿದ್ರೆ ಹೋಗ್ತಿದ್ದೆ."

ಶೆದ್ಲಿಯಾ ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡಳು. ತನ್ನ ತಲೆಯೊಳಗೆ ಎಲ್ಲೋ ಒಂದು ಓಣಿಯಿದೆ, ಅಲ್ಲಿ ಸತ್ತವರು ಇನ್ನೂ ಹೊಲಕ್ಕೆ ಹೋಗಿ ಬರುತ್ತಿದ್ದಾರೆ, ತಾನು ಅಲ್ಲಿಗೆ ಹೋಗುತ್ತಿದ್ದೇನೆ, ಹೋಗಿ ಬಂದದ್ದು ತನಗೆ ತಿಳಿಯುತ್ತಿಲ್ಲ. ಶೆದ್ಲಿಯಾಳಿಗೆ ಭಯವಾಯಿತು. ದೂಜಾ ಮಾತ್ರ ಇನ್ನೊಂದು ಲೋಟ ಕೇಳಿದಳು.

ವಸಂತದಲ್ಲಿ ಬಹೀಜಾಳ ಮಗಳ ಮದುವೆ ನಿಶ್ಚಯವಾಯಿತು. ಅವಳು ಶೆದ್ಲಿಯಾಳ ಬಾಗಿಲಿಗೆ ಬಂದು, ಯಾವತ್ತೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದಳು. "ಖಾಲ್ತಿ, ಆ ಚೀಟಿಯವಳು ಬೇಡ. ನಮ್ಮನೆ ಬಾಗಿಲಲ್ಲಿ ನಿಂತು ಹೆಸರು ಓದಿ ಹೋದಳು. ಅತ್ತೆ ಬದುಕಿದ್ದಾರಾ ಅಂತ ಕೂಡ ಕೇಳ್ಲಿಲ್ಲ."

"ನಾನು ಸತ್ತವರನ್ನೂ ಕೇಳ್ತೀನಿ ಕಣೇ. ಆಮೇಲೆ ಬೈಬೇಡ."

"ಅವಳ ಜೊತೆ ನಾನಿರ್ತೀನಿ," ಎಂದಳು ಒಲೆಯ ಪಕ್ಕದಿಂದ ದೂಜಾ. ಅವಳು ಈಗೀಗ ದಿನ ಬಿಟ್ಟು ದಿನ ಅಲ್ಲೇ ಇರುತ್ತಿದ್ದಳು. "ಇವಳು ಕರೀಲಿ, ಎಲ್ಲಿ ಕರೆದ್ಲು ಅಂತ ನಾನು ನೆನಪಿಟ್ಕೋತೀನಿ."

ಹೀಗೆ ಇಬ್ಬರೂ ಹೊರಟರು. ಬುಟ್ಟಿಯ ಹಿಡಿಯನ್ನು ಒಂದೊಂದು ಕಡೆ ಹಿಡಿದು, ಮಸೀದಿಯ ಹಿಂದಿನಿಂದ ಶುರುಮಾಡಿ, ಮೇಲಿನ ಓಣಿ ಹತ್ತಿ ಕೆಳಗಿನ ಓಣಿ ಇಳಿದು, ಮೊಟ್ಟೆ ಕಡಲೆ ಮೆಣಸಿನಕಾಯಿ ತುಂಬಿಕೊಂಡು ನಡೆದರು. ಮಧ್ಯಾಹ್ನದ ಹೊತ್ತಿಗೆ ವಸೀಲಾಳ ಮನೆಯ ಮುಂದೆ ಬಂದು ನಿಂತರು.

"ಇಲ್ಲಿ ಆಯ್ತಲ್ಲ," ಎಂದಳು ದೂಜಾ.

"ಎಲ್ಲಿ ಆಯ್ತು? ಬೆಳಿಗ್ಗೆಯಿಂದ ಈ ಕಡೆ ಬಂದೇ ಇಲ್ಲ."

"ಬಂದಿದ್ವಿ. ನೀನು ಅವಳ ಮಗಳು ಹೇಗಿದ್ದಾಳೆ ಅಂತ ಕೇಳಿದೆ."

"ಅದು ಗಾಣದ ಹತ್ರದ ಮನೇಲಿ ಕೇಳಿದ್ದು. ನೆನಪಿಟ್ಕೋತೀನಿ ಅಂದೆಯಲ್ಲ, ಇದೇನಾ ನೆನಪು?"

"ಗಾಣದವಳಿಗೆ ಮಗಳೇ ಇಲ್ಲ!"

"ಇಲ್ವಾ? ಹಾಗಾದ್ರೆ ಬುಟ್ಟಿ ನೋಡು."

ಇಬ್ಬರೂ ಓಣಿಯಲ್ಲೇ ಕುಕ್ಕರಗಾಲಲ್ಲಿ ಕುಳಿತು ಬುಟ್ಟಿಯಲ್ಲಿ ಕೈಯಾಡಿಸಿದರು. ಬಾದಾಮಿ ಇತ್ತು, ವಸೀಲಾ ಯಾವಾಗಲೂ ಬಾದಾಮಿ ಕೊಡುವವಳು. ಆದರೆ ಬಾದಾಮಿ ಮಸೀದಿಯ ಹಿಂದಿನ ಮನೆಯವರೂ ಕೊಡುತ್ತಾರೆ. ಇದು ಯಾರದು?

ಅವರ ಜಗಳದ ಸದ್ದಿಗೆ ಬಾಗಿಲು ತೆರೆಯಿತು. ವಸೀಲಾ ಹೊಸ್ತಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು. ಆ ಗುರುವಾರದ ನಂತರ ಅವಳು ಇವರಿಬ್ಬರ ಜೊತೆಗೂ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಳು.

"ಬೆಳಿಗ್ಗೇನೇ ಬಂದಿದ್ರಲ್ಲ," ಎಂದಳು.

"ನಾನು ಹೇಳ್ಲಿಲ್ವಾ!" ದೂಜಾ ಎದ್ದು ನಿಂತಳು.

"ಬಂದಿದ್ವಾ?" ಶೆದ್ಲಿಯಾಳ ಮುಖ ಸಣ್ಣದಾಯಿತು. ಓಣಿಯ ಆ ತುದಿ ಈ ತುದಿ ನೋಡಿದಳು. "ಕರೆದ್ವಾ?"

ವಸೀಲಾ ಏನೋ ಹೇಳಲು ಹೊರಟವಳು ನಿಲ್ಲಿಸಿದಳು. ಮುದುಕಿಯ ಕಣ್ಣಿನ ಕಾಡಿಗೆ ಒಂದು ಕಡೆ ಹರಡಿತ್ತು. ಬುಟ್ಟಿಯ ಹಿಡಿಯನ್ನು ಅವಳು ಎರಡೂ ಕೈಯಿಂದ 'ಕಳೆದುಕೊಂಡೇನು' ಎಂಬಂತೆ ಹಿಡಿದಿದ್ದಳು.

"ನಂಗೂ ಸರಿಯಾಗಿ ನೆನಪಿಲ್ಲ ಖಾಲ್ತಿ," ಎಂದಳು ವಸೀಲಾ, ಬಾಗಿಲ ಕದವನ್ನು ಪೂರ್ತಿ ಸರಿಸುತ್ತ. "ಇನ್ನೊಂದ್ಸಲ ಕರೀರಿ."